ನಿಕಾಸಿಯಾಳ ಪಾಲಿನ ದಾರಿ

ಫೊರ್ತುನಾತೊ ನಿಕಾಸಿಯಾಳನ್ನು ಮೊದಲು ಕಂಡದ್ದು ಅಲ್ಲಿನ ಚಳಿಗಾಲವಾದ ಜೂನ್ ತಿಂಗಳ ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಬೆಟ್ಟದ ನೆತ್ತಿಯಿಂದ ಕೆಳಗಿಳಿಯದ ಹೊತ್ತಿನಲ್ಲಿ. ಕುಸ್ಕೊ ಪಟ್ಟಣದಿಂದ ವ್ಯಾನಿನಲ್ಲಿ ಬಂದ ಒಂಬತ್ತು ಮಂದಿ ಪರದೇಶದವರನ್ನು ಬೆನ್ನಿಗಿಟ್ಟುಕೊಂಡು, ಪ್ರವಾಸ ಕಂಪನಿಯೊಂದರ ಮಾರ್ಗದರ್ಶಿಯಾಗಿ ಅವನು ಬೆಟ್ಟದೂರಾದ ಚಾಕಪಂಪದ ಹುಲ್ಲುಗಾವಲು ದಾಟುತ್ತಿದ್ದ. ಕಾಲುದಾರಿ ಸುತ್ತಾಗುತ್ತದೆಂದು ಅಡ್ಡ ಹಾಯ್ದ. ಕಾಲಡಿಯಲ್ಲಿ ಏನೋ ಕರಕರ ಎಂದಿತು. ಹಿಮ ಹಿಡಿದ ಬೆಣಚುಕಲ್ಲುಗಳಿರಬೇಕು ಎಂದುಕೊಂಡು ಬಗ್ಗಿ ನೋಡಲೂ ಇಲ್ಲ.

ಅಷ್ಟರಲ್ಲಿ ಕೆಂಪು ಲಂಗದ ಹೆಂಗಸೊಬ್ಬಳು ಎದುರಿಗೆ ಬಂದು ನಿಂತಳು. ಮೂವತ್ತರ ಆಸುಪಾಸು, ಗಿಡ್ಡ ಆಳು, ಗಾಳಿಗೆ ಬಿರಿದ ಕೆನ್ನೆ. ಟೊಪ್ಪಿಯ ದಾರವನ್ನು ಗಲ್ಲದ ಕೆಳಗೆ ಬಿಗಿದು ಕಟ್ಟಿದ್ದಳು. ಕೈಯಲ್ಲಿ ಉಣ್ಣೆ ನೂಲುವ ಕದಿರು ತಿರುಗುತ್ತಲೇ ಇತ್ತು. ಮಾತಾಡುವಾಗಲೂ ಅದು ನಿಲ್ಲಲಿಲ್ಲ.

"ನಿಂತ್ಕೊ ತುರಾಯ್. ಕಾಲೆತ್ತಿ ನೋಡು, ಏನ್ ತುಳೀತಿದೀಯ ಅಂತ."

ಆ ಕಡೆ ಹೆಂಗಸರು ಗುರುತಿಲ್ಲದ ಗಂಡಸನ್ನೂ ಒಡಹುಟ್ಟಿದವನೆಂದೇ ಕರೆಯುತ್ತಾರೆ. ಆದರೆ ಆ ದನಿಯಲ್ಲಿ ಒಡಹುಟ್ಟಿದವನ ಮೇಲಿನ ಅಕ್ಕರೆಯೇನೂ ಇರಲಿಲ್ಲ. ಅವನು ಕಾಲೆತ್ತಿದ. ಆಲೂಗಡ್ಡೆ. ವರ್ಷಗಟ್ಟಲೆ ಕೆಡದ ಹಾಗೆ ಒಣಗಿಸಲು ಹಿಮಕ್ಕೆ ಹರಡಿದ್ದು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ, ಹೀಗೆ ಮೂರು ದಿನ ಕಳೆದ ಮೇಲೆ ಬರಿಗಾಲಲ್ಲಿ ಮೆತ್ತಗೆ ತುಳಿದು ನೀರು ಹಿಂಡಬೇಕು. ಇವನು ಮೊದಲ ಬೆಳಿಗ್ಗೆಯೇ ಒಂಬತ್ತು ಜೊತೆ ಬೂಟುಗಳನ್ನು ಅದರ ಮೇಲೆ ಹಾಯಿಸಿದ್ದ. ಅರ್ಧದಷ್ಟು ಒಡೆದು ಮಣ್ಣಿಗೆ ಸೇರಿತ್ತು.

"ಗೊತ್ತಾಗ್ಲಿಲ್ಲ ಪನಾಯ್, ತಪ್ಪಾಯ್ತು," ಎಂದು ಅವನೂ ಅವಳನ್ನು ತಂಗಿ ಎಂದೇ ಕರೆದು ಜೇಬಿಗೆ ಕೈ ಹಾಕಿದ.

"ಕಾಸು ಒಳಗಿಟ್ಕೊ. ಕಾಸು ತುಳಿದ್ರೆ ನೀರು ಬರುತ್ತಾ? ನನ್ ಕೆಲ್ಸ ಕೆಡಿಸಿದೀಯ, ನನ್ ಕೆಲ್ಸ ಮಾಡ್ಕೊಡು. ಮೂರನೇ ಬೆಳಿಗ್ಗೆ ಬಾ. ಬೂಟು ಬಿಟ್ಟು ಬಾ."

ಕೆಳಗಿನ ಮುಸುಕಿನ ಜೋಳದ ಸೀಮೆಯಲ್ಲಿ ಹುಟ್ಟಿ ಬೆಳೆದ ಫೊರ್ತುನಾತೊ ಹಾಗೆ ಬರಿಗಾಲಲ್ಲಿ ಹಿಮ ತುಳಿದವನಲ್ಲ. ಆದರೂ ಬಂದ. ನಿಕಾಸಿಯಾಳ ಪಕ್ಕದಲ್ಲಿ ಮರಗಟ್ಟಿದ ಪಾದಗಳಿಂದ ಆಲೂಗಡ್ಡೆಯ ಗುಪ್ಪೆ ತುಳಿಯುತ್ತಾ ಹಲ್ಲು ಕಡಿದುಕೊಂಡು ನಿಂತ. ಅವಳು ಸುಮ್ಮನಿರಲಿಲ್ಲ.

"ಅಲ್ಲಿ ಆ ಕಲ್ಲಿನ ಗೋಡೆ ತೋರ್ಸಿ ಏನೋ ಹೇಳ್ತಿರ್ತೀಯಲ್ಲ, ಏನದು?"

"ಇಂಕಾ ಅರಸರ ಕಾಲದ ಗುಡಿ ಅಂತ."

"ನಮ್ಮಜ್ಜ ಕಟ್ಟಿದ್ ಲಾಮಾ ದೊಡ್ಡಿ ಅದು. ಗೋಡೆ ಕಟ್ಟೋವಾಗ ಕಲ್ಲು ಬಿದ್ದು ಅವನ ಹೆಬ್ಬೆಟ್ಟು ಹೋಯ್ತು. ಅದಾದ್ರೂ ಹೇಳಬಾರ್ದಾ?"

ಲಾಮಾ ಎಂದರೆ ಬೆಟ್ಟದವರು ಉಣ್ಣೆಗೂ ಹೊರೆಗೂ ಸಾಕುವ ಪ್ರಾಣಿ. ಫೊರ್ತುನಾತೊ ತಲೆ ತಗ್ಗಿಸಿ ತುಳಿದ. ಏಳು ವರ್ಷದಿಂದ ಕೊರಳಲ್ಲಿ ಸರ್ಕಾರದ ಗುರುತಿನ ಚೀಟಿ ನೇತುಹಾಕಿಕೊಂಡು ಅದೇ ಗುಡಿಯ ಮುಂದೆ ಜನರ ಟೊಪ್ಪಿ ತೆಗೆಸಿದ್ದ.

ತುಳಿತ ಮುಗಿದ ಮೇಲೆ ನಿಕಾಸಿಯಾ ತನ್ನ ಮನಸ್ಸಿನಲ್ಲಿದ್ದುದನ್ನು ನೇರವಾಗಿ ಹೇಳಿದಳು. "ಇನ್ಮೇಲೆ ನಾನು ಮುಂದೆ ನಡೀತೀನಿ. ನಿಂಗೆ ಅವ್ರ ಮಾತು ಬರುತ್ತೆ. ನೀನು ಹಿಂದೆ ಬಂದು ನಾನ್ ಹೇಳಿದ್ದನ್ನ ಅವ್ರಿಗೆ ಹೇಳು."

ಅವನು ಇದನ್ನು ಕುಸ್ಕೊದಲ್ಲಿದ್ದ ಕಂಪನಿಯ ಯಜಮಾನಿ, ಎಲ್ಲರೂ ಗೌರವದಿಂದ ದೋನ್ಯಾ ಎನ್ನುವ ಲುಸ್ಮಿಲಾಳಿಗೆ ತಿಳಿಸಿದ. ಓದಿಲ್ಲದವಳ ಹಿಂದೆ ಜನರನ್ನು ಕಳಿಸಲಾಗದು, ಬೇಕಾದರೆ ಹೊಸ ಶಾಲು ಹೊದ್ದು ಕುರಿಮರಿ ಎತ್ತಿಕೊಂಡು ದಾರಿ ಬದಿಯಲ್ಲಿ ಕೂರಲಿ, ಫೋಟೊ ತೆಗೆಯುವವರಿಗೆ ಚೆನ್ನಾಗಿರುತ್ತದೆ ಎಂಬ ಉತ್ತರ ಬಂತು.

"ಕುರಿಮರಿ ಎತ್ಕೊಂಡ್ ಕೂರೋಕೆ ನಿಮ್ ಯಜಮಾನಿಗೇ ಬರೋಕ್ ಹೇಳು. ಲಂಗ ನಾನ್ ಕೊಡ್ತೀನಿ," ಎಂದಳು ನಿಕಾಸಿಯಾ.

ಚಾಕಪಂಪದಲ್ಲಿ ಬೆಟ್ಟದ ದಾರಿ ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಪ್ರತಿ ಮನೆಗೂ ಅದರಲ್ಲೊಂದು ಪಾಲಿದೆ. ಮಳೆಗಾಲ ಮುಗಿಯುತ್ತಿದ್ದಂತೆ ಆಯಾ ಮನೆಯವರು ತಮ್ಮ ಪಾಲಿನ ಕಲ್ಲು ಕೂರಿಸಿ, ಚರಂಡಿ ಬಿಡಿಸಿ, ಕುಸಿದ ಅಂಚು ಕಟ್ಟಬೇಕು. ಕಣಿವೆಯ ತುದಿಯ ಕಡಿದಾದ ಇನ್ನೂರ ಹದಿನಾಲ್ಕು ಹೆಜ್ಜೆ ನಿಕಾಸಿಯಾಳ ಅಪ್ಪನ ಪಾಲು. ಅವನು ಸತ್ತಾಗ ಅವಳಿಗೆ ಹದಿನಾರು. ಅಂದಿನಿಂದ ಗುದ್ದಲಿ ಅವಳದೇ.

ಮರುವರ್ಷ ಏಪ್ರಿಲ್‌ನಲ್ಲಿ ತನ್ನ ಕೆಲಸ ಮುಗಿಸಿದವಳೇ ಅವಳು ಆ ಪಾಲಿಗೆ ಅಡ್ಡಲಾಗಿ ಲಾಮಾ ಉಣ್ಣೆಯ ಹಗ್ಗ ಕಟ್ಟಿದಳು. ಊರಿನವರಿಗೆ, ಊರಿನ ಪ್ರಾಣಿಗಳಿಗೆ ತಡೆಯಿಲ್ಲ. ಕಂಪನಿಯ ಜನ ಮಾತ್ರ ಅವಳ ಹಿಂದೆಯೇ ನಡೆಯಬೇಕು. ಎರಡು ಸಲ ವ್ಯಾನು ಬಂದು ಬರಿದೇ ತಿರುಗಿತು. ದಾರಿಹೋಕರಿಗೆ ಊಟ ಹಾಕಿ ನಾಲ್ಕು ಕಾಸು ಕಾಣುತ್ತಿದ್ದ ಮನೆಗಳವರು ಸಿಟ್ಟಾದರು. ಊರಸಭೆ ಸೇರಿತು. ಲುಸ್ಮಿಲಾ ತಾನೇ ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದಳು. ಫೊರ್ತುನಾತೊ ಅವಳ ಚೀಲ ಹೊತ್ತುಕೊಂಡು ಬಾಗಿಲ ಬಳಿ ನಿಂತ.

ಸಭೆಯ ಅಧ್ಯಕ್ಷ ದೋನ್ ಮೆಲಿತೋನ್ ಕೇಳಿದ, "ಇಷ್ಟು ಜನ ಗಂಡಸ್ರು ಇದೀವಿ. ಮುಂದೆ ನಡೆಯೋಕೆ ಹೆಂಗಸೇ ಬೇಕಾಯ್ತಾ?"

"ದಾರಿ ಪಾಲು ಹಂಚೋವಾಗ ಹೆಂಗಸು ಅಂತ ನಂಗ್ಯಾರೂ ಒಂದ್ ಹೆಜ್ಜೆ ಕಮ್ಮಿ ಮಾಡ್ಲಿಲ್ವಲ್ಲ, ತಾಯ್ತಾಯ್," ಎಂದಳು ನಿಕಾಸಿಯಾ, ಹಿರಿಯರನ್ನು ಅಪ್ಪ ಎಂದು ಕರೆಯುವ ರೂಢಿಯಂತೆ.

"ಹಗ್ಗ ಬಿಚ್ಚು. ಇಲ್ಲಾಂದ್ರೆ ಆ ಪಾಲು ಬೇರೆ ಮನೆಗೆ ಹೋಗುತ್ತೆ."

"ಪಾಲು ಕಿತ್ಕೊಳ್ಳೋದು ಯಾವಾಗ? ಕೆಲ್ಸ ಮಾಡದೆ ಬಿಟ್ಟಾಗ. ಬನ್ನಿ, ನಡೆದು ನೋಡಿ. ಒಂದ್ ಕಲ್ಲು ಅಲ್ಲಾಡಿದ್ರೂ ನಾನೇ ಹಗ್ಗ ಸುತ್ಕೊಂಡ್ ಮನೆಗ್ ಹೋಗ್ತೀನಿ."

ನಿಯಮ ಹಾಗೇ ಇತ್ತು. ಅಲ್ಲಗಳೆಯುವಂತಿರಲಿಲ್ಲ. ಸಭೆಗೆ ಸಭೆಯೇ ಎದ್ದು ಬೆಟ್ಟ ಹತ್ತಿತು. ಮೆಲಿತೋನ್ ತನ್ನ ಅಧಿಕಾರದ ಕೋಲಿನಿಂದ ಒಂದೊಂದು ಕಲ್ಲನ್ನೂ ಕುಟ್ಟುತ್ತಾ ಹೋದ. ಮಗ್ಗುಲಿಂದ ಮೀಟಿ ನೋಡಿದ. ಅಂಚಿನ ಕಲ್ಲುಗಳ ಮೇಲೆ ಭಾರ ಬಿಟ್ಟು ನಿಂತ. ಚರಂಡಿಗೆ ಕೈ ಹಾಕಿ ತಡಕಿದ. ನಿಕಾಸಿಯಾ ಎಲ್ಲರ ಹಿಂದೆ ನೂಲುತ್ತಾ ಬಂದಳು. ಇನ್ನೂರ ಹದಿನಾಲ್ಕನೇ ಹೆಜ್ಜೆಯಲ್ಲಿ ಅವನು ನಿಂತು ಬೆವರು ಒರೆಸಿಕೊಂಡ.

"ಹಾಗೇ ನಿಮ್ ಪಾಲನ್ನೂ ನೋಡ್ಕೊಂಡ್ ಬರೋಣ್ವಾ, ದೋನ್ ಮೆಲಿತೋನ್?" ಎಂದು ಮುದುಕಿಯೊಬ್ಬಳು ಕೇಳಿದಳು. ಅವನ ಪಾಲು ಮಳೆಗೆ ಕುಸಿದು ಎರಡು ತಿಂಗಳಾಗಿದ್ದು ಎಲ್ಲರಿಗೂ ಗೊತ್ತಿತ್ತು. ನಗು ಹಬ್ಬಿತು.

"ಪಾಲು ಅವಳದೇ," ಎಂದ ಮೆಲಿತೋನ್, ಯಾರ ಮುಖವನ್ನೂ ನೋಡದೆ. "ಹಗ್ಗಾನೂ ಅವಳದೇ."

"ನಂಗೆ ಬೇರೆ ಕಣಿವೆಗಳಿವೆ," ಎಂದಳು ಲುಸ್ಮಿಲಾ.

"ಇವೆ. ಹೋಗಿ. ಅಲ್ಲಿನ ದಾರೀನೂ ಯಾರೋ ಕಟ್ಟಿರ್ತಾರೆ. ಅವ್ರನ್ನ ಕೇಳ್ಕೊಂಡ್ ಹೋಗಿ," ಎಂದಳು ನಿಕಾಸಿಯಾ.

ಫೊರ್ತುನಾತೊ ಹೆಗಲ ಮೇಲಿದ್ದ ಚೀಲವನ್ನು ಕೆಳಗಿಟ್ಟ. "ದೋನ್ಯಾ, ಏಳು ವರ್ಷ ಲಾಮಾ ದೊಡ್ಡಿನ ಗುಡಿ ಅಂತ ತೋರಿಸ್ದೆ. ಇನ್ನು ನನ್ ಕೈಲಾಗಲ್ಲ. ನಾನು ಇವಳ ಹಿಂದೆ ನಡೀತೀನಿ."

ಲುಸ್ಮಿಲಾ ಅವನನ್ನು ಅಲ್ಲೇ ಕೆಲಸದಿಂದ ಕಿತ್ತುಹಾಕಿ ಚೀಲ ತಾನೇ ಹೊತ್ತುಕೊಂಡು ಇಳಿದಳು. ಕಂಪನಿ ಮತ್ತೆ ಆ ಕಡೆ ಬರಲಿಲ್ಲ. ಆ ಸಲದ ಒಣಗಾಲವಿಡೀ ತಾವಾಗಿ ಬಂದದ್ದು ನಾಲ್ಕೇ ತಂಡ. ಊರಿನ ಕೆಲವರು ಬೇಕೆಂದೇ ಅವಳಿಗೆ ಕೇಳುವಂತೆ ಗಟ್ಟಿಯಾಗಿ ಗೊಣಗಿದರು. "ಗೊಣಗ್ಲಿ ಬಿಡು, ಅವ್ರ ಪಾಲಿನ್ ಕಲ್ಲೂ ಅಷ್ಟೇ ಗಟ್ಟಿ ಇರ್ಲಿ," ಎಂದು ನಿಕಾಸಿಯಾ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದಳು. ಅದರ ಮರುವರ್ಷ, ಮೊದಲು ಬಂದಿದ್ದವರು ಹೇಳಿ ಬೇರೆಯವರು ಬಂದರು, ಅವರು ಹೇಳಿ ಇನ್ನಷ್ಟು ಮಂದಿ.

ಈಗ ನಿಕಾಸಿಯಾ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆ ನಾಲ್ಕು ದಿನ ಚಾಕಪಂಪದಿಂದ ಕಣಿವೆಯ ತುದಿಯವರೆಗೆ ನಡಿಗೆಯವರನ್ನು ಕರೆದೊಯ್ಯುತ್ತಾಳೆ. ಮುಂದೆ ಅವಳು ನಡೆಯುತ್ತಾಳೆ. ಫೊರ್ತುನಾತೊ ಹಿಂದೆ ಬಂದು ಅವಳ ಮಾತನ್ನು ಅವರ ಭಾಷೆಗೆ ತಿರುಗಿಸುತ್ತಾನೆ.