ಇಪ್ಪತ್ತೆಂಟು ಸಾವಿರದ ಸುಳ್ಳು

ಮನೆಯಲ್ಲಿ ನಾನು ಹೇಳಿದ್ದ ಸಂಬಳ ಇಪ್ಪತ್ತೆಂಟು ಸಾವಿರ. ಬ್ಯಾಂಕಿಗೆ ಬೀಳುತ್ತಿದ್ದದ್ದು ಹದಿನಾಲ್ಕು. ನಾಲ್ಕು ವರ್ಷ ಈ ಸುಳ್ಳನ್ನು ಸಾಕಿಕೊಂಡು ಬಂದೆ. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಮೊದಲು ನನ್ನ ಮೇಲೆ, ಆಮೇಲೆ ಉಳಿದವರ ಮೇಲೆ.

ಯಗಟಿಯ ನಮ್ಮ ಮನೆಯಲ್ಲಿ ಹೆಣ್ಣು ಮಗು ಹುಟ್ಟಿದರೆ ಅದರ ಹೆಸರಿಗೆ ಒಂದು ಹೆಣ್ಣು ಕುರಿಮರಿ ಬಿಡುತ್ತಾರೆ. ಅದು ಬೆಳೆದು ಹಾಕಿದ ಮರಿಗಳೆಲ್ಲ ಆ ಹುಡುಗಿಯವು. ಟಗರುಮರಿ ಮಾರಿ ಬಟ್ಟೆಬರೆ ಕೊಳ್ಳಬಹುದು, ಹೆಣ್ಣು ಮರಿಗಳನ್ನು ಮಾತ್ರ ಅವಳನ್ನು ಕೇಳದೆ ಯಾರೂ ಮುಟ್ಟುವಂತಿಲ್ಲ. ನಾನು ಬಿ.ಕಾಂ. ಮುಗಿಸುವ ಹೊತ್ತಿಗೆ ನನ್ನವು ಇಪ್ಪತ್ತಾರು ಕುರಿ ಆಗಿದ್ದವು. ಅಷ್ಟನ್ನೂ ಮಾರಿ, ಆಸ್ಪತ್ರೆ ಆಡಳಿತದ ಎರಡು ವರ್ಷದ ಎಂ.ಎಚ್.ಎ.ಗೆ ಕಟ್ಟಿದೆವು. ಹಾಸ್ಟೆಲ್ ಸೇರಿ ಮೂರು ಲಕ್ಷ. "ಡಾಕ್ಟ್ರಾಗ್ದಿದ್ರೇನು, ಡಾಕ್ಟ್ರಿಗೇ ಕೆಲ್ಸ ಹೇಳೋಳಾಗ್ತಾಳೆ" ಎಂದು ಅಣ್ಣ ಊರೆಲ್ಲ ಹೇಳಿಕೊಂಡು ಬಂದ. ನನಗಿಂತ ಹದಿನೈದು ವರ್ಷ ದೊಡ್ಡವನು, ಅಪ್ಪ ತೀರಿಹೋದ ಮೇಲೆ ಮನೆ ನಡೆಸಿದವನು.

ಕಾಲೇಜಿನಲ್ಲಿ ನಮ್ಮಿಂದ ಐನೂರು ಹಾಸಿಗೆಯ ಆಸ್ಪತ್ರೆಯನ್ನು ಕಾಗದದ ಮೇಲೆ ಕಟ್ಟಿಸಿದರು. ಅಡುಗೆಮನೆ ಎಲ್ಲಿರಬೇಕು, ಹೆಲಿಕಾಪ್ಟರ್ ಎಲ್ಲಿ ಇಳಿಯಬೇಕು, ಎಲ್ಲ ಕಲಿಸಿದರು. ಹೊರಗೆ ಬಂದರೆ ದೊಡ್ಡ ಆಸ್ಪತ್ರೆಗಳು ಅನುಭವ ಕೇಳಿದವು. ಕೊನೆಗೆ ಕೆಲಸ ಸಿಕ್ಕಿದ್ದು ತರೀಕೆರೆಯ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ. ಮೊದಲ ತಿಂಗಳು ಅಣ್ಣ ನಾಲ್ಕು ಜನರೆದುರು ಸಂಬಳ ಕೇಳಿದ. ಕಾಲೇಜಿನವರು ಆಸೆ ತೋರಿಸಿದ್ದ ಮೊತ್ತವೇ ನನ್ನ ಬಾಯಿಗೆ ಬಂತು.

ಬಾಗಿಲ ಮೇಲೆ 'ಅಡ್ಮಿನಿಸ್ಟ್ರೇಟರ್' ಅಂತ ಬೋರ್ಡು. ಒಳಗೆ ನನ್ನ ಕೆಲಸ ಇನ್ಶೂರೆನ್ಸ್ ಕಾಗದ ಸ್ಕ್ಯಾನ್ ಮಾಡುವುದು, ಜನರೇಟರ್ ಕೆಟ್ಟರೆ ಮೆಕ್ಯಾನಿಕ್‌ಗೆ ಫೋನ್ ಮಾಡುವುದು, ಆಯಾ ಬರದ ದಿನ ಬೆಡ್‌ಶೀಟ್ ಎಣಿಸಿ ಒಗೆಯಲು ಹಾಕುವುದು. ಕೌಂಟರಿನಲ್ಲಿ ಕೂರುವ, ಎಸ್ಸೆಸ್ಸೆಲ್ಸಿ ಓದಿದ ಹಿರಿಯರೊಬ್ಬರಿಗೆ ಹದಿನೆಂಟು ಸಾವಿರ. ಅಮೃತಾಪುರದ ಕಡೆಯ ಹಳ್ಳಿಯವರೆಲ್ಲ ಅವರ ಮುಖ ನೋಡಿ ಬರುತ್ತಾರಂತೆ. ಸಂಬಳ ಹೆಚ್ಚಿಸಿ ಎಂದು ಕೇಳಿದಾಗ ಮಾಲೀಕರಾದ ಡಾಕ್ಟರು ನಕ್ಕರು. "ನಿನ್ನ ಇಟ್ಕೊಂಡಿರೋದು ಡಿಗ್ರಿ ಫೈಲಲ್ಲಿರ್ಲಿ ಅಂತ ಕಣಮ್ಮ. ಪೇಷೆಂಟ್ ಬರೋದು ಅವ್ರನ್ನ ನೋಡಿ" ಎಂದರು. ಅವರು ಹೇಳಿದ್ದಕ್ಕಿಂತ ನಕ್ಕದ್ದು ನನ್ನನ್ನು ಹೆಚ್ಚು ಉರಿಸಿತು.

ಇಷ್ಟಾದರೂ ಕಾಲೇಜಿನವರು ಫೋಟೊ ಕೇಳಿದಾಗ ಹಲ್ಲು ಕಿರಿದು ಕಳಿಸಿದೆನಲ್ಲ, ನನ್ನ ಬುದ್ಧಿಗೆ ಬೆಂಕಿ ಹಾಕ! ಕಡೂರು ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಎದ್ದಿತು. ಕೋಟು ಹಾಕಿಕೊಂಡ ನಾನು, ಕೆಳಗೆ 'ನಿಮ್ಮ ಮಗಳೂ ಹೀಗಾಗಬಹುದು'. ಅಣ್ಣ ಅದನ್ನು ನೋಡಿದ. ಅವನ ಮಗಳು ಆಗಷ್ಟೇ ಡಿಗ್ರಿ ಮುಗಿಸಿದ್ದಳು. ಅವಳ ಹೆಸರಿನವು ಇಪ್ಪತ್ತನಾಲ್ಕು ಕುರಿ ಇದ್ದವು.

"ಸೋಮವಾರ ಅಜ್ಜಂಪುರದ ವ್ಯಾಪಾರಿ ಬತ್ತಾನೆ ಕಣೇ, ಎಲ್ಲಾ ಒಟ್ಟಿಗೇ ಹೊಡ್ಕಂಡ್ ಹೋಗ್ತಾನೆ. ನಿನ್ ಕಾಲೇಜಿಗೇ ಸೇರಿಸ್ತೀನಿ ಇವಳ್ನ" ಎಂದು ಫೋನಿನಲ್ಲಿ ಹೇಳಿದ.

ಭಾನುವಾರವೇ ಬಸ್ ಹತ್ತಿದೆ. ಕಡೂರು ಮುಟ್ಟುವಷ್ಟರಲ್ಲಿ ಲೆಕ್ಕ ಹಾಕಿದ್ದೆ. ಬರೀ ಬಿ.ಕಾಂ. ಓದಿ ನಮ್ಮಲ್ಲೇ ಬಿಲ್ ಬರೆಯುವ ಹುಡುಗಿಗೆ ಹನ್ನೆರಡು ಸಾವಿರ. ಅಂದರೆ ನನ್ನ ಪದವಿಯ ಬೆಲೆ ತಿಂಗಳಿಗೆ ಎರಡು ಸಾವಿರ. ಮೂರು ಲಕ್ಷ ವಾಪಸ್ ಬರಲು ಹನ್ನೆರಡೂವರೆ ವರ್ಷ. ದುಡಿಯದೆ ಓದುತ್ತಾ ಕೂತ ಎರಡು ವರ್ಷ ಬೇರೆ. ನನ್ನ ಕುರಿಗಳು ಉಳಿದಿದ್ದರೆ ಹಾಕುತ್ತಿದ್ದ ಮರಿಗಳನ್ನೂ ಸೇರಿಸಲು ಹೋಗಿ ಬಿಟ್ಟುಬಿಟ್ಟೆ. ಬಸ್ಸಿನಲ್ಲೇ ಅಳು ಬರುವಷ್ಟು ಸಿಟ್ಟು ಬಂದಿತ್ತು.

"ಬ್ಯಾಡ ಕಣಣ್ಣ, ಕುರಿ ಮಾರ್ಬ್ಯಾಡ" ಎಂದದ್ದೇ ತಡ, ಅಣ್ಣ ರೇಗಿದ.

"ನೀನ್ ಮಾತ್ರ ಓದ್ಕಂಡು ಬೋರ್ಡ್ ಮೇಲೆ ಮೆರಿಯೋದು, ನನ್ ಮಗ್ಳಿಗೆ ಬ್ಯಾಡ್ವಾ? ಹೊಟ್ಟೆಕಿಚ್ಚು ಕಣೇ ನಿಂಗೆ!"

ಹೊಸಿಲ ಬಳಿ ನಿಂತಿದ್ದ ಹುಡುಗಿ ಮೆಲ್ಲಗೆ, "ಅತ್ತೆ, ನಿಂಗ್ ಬರೋದ್ರಲ್ಲಿ ಅರ್ಧ ಬಂದ್ರೂ ಸಾಕು ನಂಗೆ" ಎಂದಳು.

"ನಂಗೂ ಬರೋದು ಅರ್ಧವೇ ಕಣೇ" ಎಂದು ಫೋನನ್ನು ಅವಳ ಕೈಗೆ ತುರುಕಿದೆ. ಬ್ಯಾಂಕಿನ ಮೆಸೇಜುಗಳನ್ನು ಅವಳು ಒಂದೊಂದಾಗಿ ಓದಿದಳು. ಹದಿನಾಲ್ಕು, ಹದಿನಾಲ್ಕು, ಮತ್ತೆ ಹದಿನಾಲ್ಕು. ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು. ಅಣ್ಣ ಬಯ್ಯುತ್ತಾನೆ ಅಂದುಕೊಂಡಿದ್ದೆ. ಅವನು ಎದ್ದು ಅಜ್ಜಂಪುರಕ್ಕೆ ಫೋನ್ ಮಾಡಿ, "ನಾಳೆ ಬರ್ಬ್ಯಾಡ್ರಪ್ಪಾ, ಕುರಿ ಕೊಡಲ್ಲ" ಎಂದಷ್ಟೇ ಹೇಳಿದ. ಬಂದು ನನ್ನೆದುರು ಕೂತ.

"ತಿಂಗ್ಳಾ ತಿಂಗ್ಳಾ ಮನೆಗೆ ಎಂಟು ಸಾವ್ರ ಕಳಿಸ್ತಿದ್ದೆ. ರೂಮಿನ ಬಾಡ್ಗೆ ಬೇರೆ. ಮತ್ತೆ ನೀನೇನ್ ತಿಂತಿದ್ದೆ?" ಎಂದು ಕೇಳಿದ.

ನಾಲ್ಕು ವರ್ಷಕ್ಕೆ ಈಗ ಕೇಳುತ್ತಿದ್ದಾನೆ ಅಂತ ನನಗೆ ರೋಸಿಹೋಯಿತು. "ಡಿಸ್ಚಾರ್ಜ್ ಆದೋರು ಬಿಟ್ಟೋದ ಬ್ರೆಡ್ಡು" ಎಂದೆ.

"ಮನೇಲಿ ಮೂಟೆ ಮೂಟೆ ರಾಗಿ ಇತ್ತಲ್ಲೇ! ಒಂದ್ ಮಾತು ಹೇಳಿದ್ರೆ ಬಸ್ಸಿಗೆ ಹಾಕ್ತಿರ್ಲಿಲ್ವಾ?"

"ಇಪ್ಪತ್ತೆಂಟು ಸಾವ್ರ ಸಂಬ್ಳ ತಗಳೋಳು, ರಾಗಿ ಕಳ್ಸಿ ಅಂತ ಹೆಂಗ್ ಕೇಳ್ಲಣ್ಣ?" ಎಂದು ಕಿರುಚಿದೆ.