ತಪ್ಪು ಬರೆದು ಊರನ್ನೇ ಕರೆಸಿದವರು

ದಾಖಲೆಗಳ ಸಂಗ್ರಹಾಲಯವೆಂದರೆ ಬೀಗ, ಧೂಳು ಮತ್ತು 'ನಾಳೆ ಬನ್ನಿ' ಎಂಬ ಮಾತು ಎಂದೇ ಜನ ನಂಬಿದ್ದ ಕಾಲದಲ್ಲಿ, ಅದರ ಬಾಗಿಲನ್ನು ಬೀದಿಗೆ ತೆರೆದಿಟ್ಟವರು ನಮ್ಮ ಹಿರಿಯ ದಾಖಲೆಪಾಲಕರು. ಕಿವಿಯ ಮೇಲೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ಅವರನ್ನು ನಾವೆಲ್ಲ 'ಪೆನ್ಸಿಲ್ ಮೇಡಂ' ಎನ್ನುತ್ತಿದ್ದೆವು. ಎದುರಿಗಲ್ಲ, ಅಷ್ಟು ಧೈರ್ಯ ಯಾರಿಗಿತ್ತು! ಸಾರ್ವಜನಿಕರ ನೆರವಿನಿಂದ ದಾಖಲೆ ಕಟ್ಟುವುದು ಇಂದು ದೊಡ್ಡ ಸಭೆಗಳ ವಿಷಯ. ಅದನ್ನು ಅವರು ಬಟ್ಟೆ ಒಣಹಾಕುವ ಹಗ್ಗದಿಂದ ಸಾಧಿಸಿದ್ದನ್ನು ಕಣ್ಣಾರೆ ಕಂಡವನು ನಾನು.

ನಾನು ಸೇರಿದ ಎರಡನೆಯ ವರ್ಷ ನೆಲಮಾಳಿಗೆಯ ನೀರಿನ ಪೈಪು ಒಡೆದು, ಎಂಟುನೂರ ಹನ್ನೆರಡು ಹಳೆಯ ಛಾಯಾಚಿತ್ರಗಳ ಹಿಂದಿನ ಚೀಟಿಗಳು ಕಳಚಿ ಮುದ್ದೆಯಾದವು. ಯಾರದು, ಎಲ್ಲಿಯದು ಎಂದು ತಿಳಿಯದ ಚಿತ್ರಗಳನ್ನು ತಿಂಗಳೊಳಗೆ ವಿಲೇವಾರಿ ಮಾಡಬೇಕೆಂದು ಮೇಲಿನಿಂದ ಆದೇಶ ಬಂತು. ಅಂದು ಮೇಡಂ ಊಟದ ಡಬ್ಬಿ ಬಿಚ್ಚಲೇ ಇಲ್ಲ. ಮರುದಿನ ಕಾಂಪೌಂಡಿಗೆ ಹಗ್ಗ ಕಟ್ಟಿಸಿ, ಚಿತ್ರಗಳ ಪ್ರತಿಗಳನ್ನು ಕ್ಲಿಪ್ಪು ಹಾಕಿ ತೂಗಿಸಿ, 'ಗುರುತು ಸಿಕ್ಕರೆ ದಯವಿಟ್ಟು ತಿಳಿಸಿ' ಎಂದು ಬರೆಸಿದರು. ಹತ್ತು ದಿನಕ್ಕೆ ಒಂಬತ್ತು ಉತ್ತರ! ಜನ ನೋಡಿದರು, ಚೆನ್ನಾಗಿದೆ ಎಂದರು, ಹೋದರು.

ಆಗ ಎಡವಟ್ಟು ಮಾಡಿದವನು ನಾನೇ. ಹೆಂಗಸರು ಸಾಲಾಗಿ ಕುಳಿತಿದ್ದ ಚಿತ್ರವೊಂದಕ್ಕೆ ಅವಸರದಲ್ಲಿ 'ತರಕಾರಿ ಮಾರುಕಟ್ಟೆ' ಎಂಬ ಚೀಟಿ ಅಂಟಿಸಿಬಿಟ್ಟಿದ್ದೆ. ಮಧ್ಯಾಹ್ನದೊಳಗೆ ಅಜ್ಜಿಯೊಬ್ಬರು ಕೊಡೆ ಝಳಪಿಸುತ್ತ ಒಳನುಗ್ಗಿದರು.

"ಯಾರ್ರೀ ಇದನ್ನ ಬರೆದಿದ್ದು? ಕಣ್ಣೇನು ಮನೇಲಿ ಬಿಟ್ಟು ಬಂದಿದ್ರಾ? ಇದು ಮಾರ್ಕೆಟ್ಟಲ್ಲ, ಹೊಲಿಗೆ ಶಾಲೆ! ಆ ಮೂರನೆಯವಳು ನಮ್ಮಮ್ಮ!"

ನಾನು ಮೆಲ್ಲಗೆ ಕಪಾಟಿನ ಹಿಂದೆ ಸರಿದೆ. ಮೇಡಂ ಮಾತ್ರ ಕಿವಿಯ ಮೇಲಿನ ಪೆನ್ಸಿಲ್ ತೆಗೆದುಕೊಟ್ಟು, "ಹೌದೇನಮ್ಮಾ? ಹಾಗಾದ್ರೆ ನೀವೇ ಬರೀರಿ. ಮಿಕ್ಕವರು ಯಾರ್ಯಾರು?" ಎಂದರು. ಅಜ್ಜಿ ಆರು ಹೆಸರು ಬರೆದು, ಏಳನೆಯದಕ್ಕೆ ನಾದಿನಿಯನ್ನು ಕರೆತಂದರು.

ಅವರು ಹೋದ ಮೇಲೆ ಬೈಗುಳಕ್ಕೆ ತಯಾರಾಗಿ ನಿಂತೆ. ಮೇಡಂ ನಕ್ಕುಬಿಟ್ಟರು. "ನೋಡಪ್ಪಾ, ಗೊತ್ತಿದ್ರೆ ಹೇಳಿ ಅಂದ್ರೆ ಜನಕ್ಕೆ ಸಂಕೋಚ. ತಪ್ಪು ಕಂಡ್ರೆ ಮಾತ್ರ ಸುಮ್ನಿರೋಕಾಗಲ್ಲ. ತಗೋ, ಇನ್ನೂ ನಲವತ್ತು ತಪ್ಪು ಬರಿ!"

ಅಬ್ಬಾ, ತಪ್ಪು ಮಾಡೆಂದು ಅಪ್ಪಣೆ ಪಡೆದ ಗುಮಾಸ್ತ ನಾನೊಬ್ಬನೇ ಇರಬೇಕು! ಬೇಕೆಂದೇ ಬರೆದ ತಪ್ಪಿಗೆ ಚೀಟಿಯ ಮೂಲೆಯಲ್ಲೊಂದು ಚುಕ್ಕೆ ಇಡಬೇಕು. ಬೇರೆ ಬೇರೆ ಮನೆಯ ಇಬ್ಬರು ಒಂದೇ ಮಾತು ಹೇಳಿದರಷ್ಟೇ ದಾಖಲೆಗೆ ಸೇರಿಸಬೇಕು. ಇದು ಅವರ ಕಟ್ಟುನಿಟ್ಟು. ನಿವೃತ್ತ ಪೋಸ್ಟ್‌ಮ್ಯಾನ್ ಬೀದಿಗಳನ್ನು ಗುರುತಿಸಿದರು, ಕ್ಷೌರದಂಗಡಿಯವರು ತಲೆಗಳನ್ನು. ಬೀಗಿತ್ತಿಯರಿಬ್ಬರು ಜಗಳವಾಡುತ್ತಲೇ ಒಂದು ಮದುವೆಯ ಗುಂಪನ್ನು ಪೂರ್ತಿ ಮಾಡಿದರು. ತಿಂಗಳ ಕೊನೆಗೆ ವಿಲೇವಾರಿಗೆಂದು ಬಂದ ಅಧಿಕಾರಿಯೇ ಹಗ್ಗದ ಮುಂದೆ ನಿಂತು, "ಇದು ಬಸ್ ಸ್ಟ್ಯಾಂಡ್ ಅಲ್ಲ ಕಣ್ರೀ, ನಾನು ಓದಿದ ಶಾಲೆ! ಎಲ್ಲಿ, ಪೆನ್ಸಿಲ್ ಕೊಡಿ" ಎಂದರು. ಆದೇಶದ ಸುದ್ದಿ ಮತ್ತೆ ಬರಲಿಲ್ಲ.

ಆಮೇಲಿನ ಇಪ್ಪತ್ತೊಂದು ವರ್ಷಗಳಲ್ಲಿ ನನ್ನ ಎಷ್ಟೋ ನಿಜವಾದ ತಪ್ಪುಗಳನ್ನೂ ಮೇಡಂ ಅದೇ ಚುಕ್ಕೆಯ ಲೆಕ್ಕಕ್ಕೆ ಸೇರಿಸಿ ನನ್ನನ್ನು ಕಾಪಾಡಿದ್ದಾರೆ. ಆ ಹಗ್ಗ ಈಗಲೂ ಇದೆ. ಹದಿನೇಳು ಚಿತ್ರಗಳಿಗೆ ಇನ್ನೂ ಹೆಸರಿಲ್ಲ. ಮೊನ್ನೆ ನಿವೃತ್ತರಾದ ಮೇಡಂ ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ ಎಂದು ಹಾರೈಸುವುದು ಸುಲಭ. ಅವರಿಲ್ಲದ ಕೋಣೆಯಲ್ಲಿ ಕೂರುವುದು ನನಗೆ ಸುಲಭವಲ್ಲ. 'ದಯವಿಟ್ಟು ಬನ್ನಿ' ಎಂದರೆ ಸಂಕೋಚಪಟ್ಟು ಮನೆಯಲ್ಲೇ ಉಳಿಯುತ್ತಾರೆಂದು ಬಲ್ಲೆ. ಆದ್ದರಿಂದ ಈ ಲೇಖನದಲ್ಲಿ ಬೇಕೆಂದೇ ಒಂದು ತಪ್ಪು ಬರೆದಿದ್ದೇನೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದಿರುತ್ತದೆ, ಪೆನ್ಸಿಲ್ ಚೂಪಾಗಿರುತ್ತದೆ. ಮೂಲೆಯಲ್ಲಿ ಚುಕ್ಕೆ ಮಾತ್ರ ಇಟ್ಟಿಲ್ಲ.