ಕೆಮ್ಮುವ ಪಟಪಟಿ, ಹೊಸಕೋಟೆಯ ಒಬ್ಬನೇ ಮೆಕ್ಯಾನಿಕ್ಕು

ಹೊಸಕೋಟೆ, ಡಿಸೆಂಬರ್ ೧೯೪೫

ಕೋಳಿ ಕೂಗಿ ಹೆಚ್ಚು ಹೊತ್ತಾಗಿಲ್ಲ. ಕೆರೆಯ ಕಡೆಯಿಂದ ಬೀಸುವ ಮಾರ್ಗಶಿರದ ಗಾಳಿಗೆ ಹೆದರಿ ಪೇಟೆ ಬೀದಿ ಇನ್ನೂ ಕಂಬಳಿಯೊಳಗೇ ಇದೆ. ಕೋಲಾರದ ರಸ್ತೆಗೆ ಮುಖ ಮಾಡಿದ ತಗಡಿನ ಷೆಡ್ಡಿನಲ್ಲಿ ಬೈಲಪ್ಪನವರು ಮಾತ್ರ ಎದ್ದಿದ್ದಾರೆ. ತಲೆಗೆ ಟವೆಲು ಸುತ್ತಿ, ಪಂಚೆ ಎತ್ತಿ ಕಟ್ಟಿ, ಮುಂದಿರುವ ಹಳೆಯ ಮೋಟಾರ್ ಸೈಕಲ್ಲನ್ನು ಒದೆಯುತ್ತಿದ್ದಾರೆ. ಹನ್ನೊಂದನೆಯ ಒದೆತಕ್ಕೆ ಅದು ಹತ್ತಿಕೊಳ್ಳುತ್ತದೆ. ಪಟ್, ಪಟ್, ಪಟ್. ಆಮೇಲೆ ಸದ್ದೇ ಇಲ್ಲ. ಮತ್ತೊಂದು ಪಟ್. ಮತ್ತೆ ಮೌನ. ಕೊನೆಗೆ ಒಂದು ದೊಡ್ಡ ಕೆಮ್ಮು ಕೆಮ್ಮಿ, ಹೊಗೆ ಬಿಟ್ಟು, ಆರಿಹೋಗುತ್ತದೆ.

"ಮೂರು ಹೆಜ್ಜೆ ಇಡುತ್ತೆ, ನಾಲ್ಕನೇದಕ್ಕೆ ಎಡವುತ್ತೆ. ಒಂಬತ್ತು ದಿನದಿಂದ ಇದೇ ಗೋಳು," ಎನ್ನುತ್ತಾರೆ ಬೈಲಪ್ಪ. ಬೇಸರವೆಲ್ಲ ಗಾಡಿಯ ಮೇಲಲ್ಲ, ತಮ್ಮ ಮೇಲೆಯೇ.

ಗಾಡಿ ವೆಂಕಟರಮಣಪ್ಪನವರದು. ಅವರು ಹಳ್ಳಿ ಹಳ್ಳಿಗೆ ಹೋಗಿ ಸಿಡುಬು ಬಾರದಂತೆ ದಾಕು ಹಾಕುವವರು. ಬೆಂಗಳೂರು ದಂಡಿನ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹಿಂದಿರುಗುವಾಗ ಮಾರಿದ ಈ ಪಟಪಟಿಯನ್ನು ಮಾವ ಮದುವೆಯಲ್ಲಿ ಕೊಟ್ಟದ್ದು. ಹೆಂಡತಿಗಿಂತ ಹೆಚ್ಚು ಹಟ ಮಾಡುತ್ತದೆಂದು ಅವರೇ ನಗುತ್ತಿದ್ದರು. ಈಗ ನಗು ನಿಂತಿದೆ. ನಂದಗುಡಿಯ ಆಚೆಯ ಹಳ್ಳಿಗಳಲ್ಲಿ ಸಿಡುಬು ಎದ್ದಿದೆ. ದಾಕಿನ ಮದ್ದೋ ಬಿಸಿಲೇರುವುದರೊಳಗೆ ತಲುಪದಿದ್ದರೆ ಕೆಟ್ಟುಹೋಗುತ್ತದೆ. ಗಾಡಿ ದಾರಿಯಲ್ಲಿ ನಿಂತು ಮೂರು ಸಲ ಮದ್ದು ಹಾಳಾಗಿದೆ. ನಿನ್ನೆ ಅವರು ಖಡಾಖಂಡಿತವಾಗಿ ಹೇಳಿಹೋಗಿದ್ದಾರೆ: ಇಂದು ಬೆಳಗ್ಗೆ ಓಡಿದರೆ ಓಡಿತು, ಇಲ್ಲದಿದ್ದರೆ ನಾಳೆ ಬೆಂಗಳೂರಿನ ಗುಜರಿಯವನು ಬರುತ್ತಾನೆ.

ಬೈಲಪ್ಪನವರಿಗೆ ಈಗ ನಲವತ್ತೆಂಟು. ನಂದಗುಡಿ ಕಡೆಯ ಬೇಸಾಯದ ಮನೆಯವರು. ತಂದೆ ಅಪ್ಪಯ್ಯಣ್ಣನವರಿಗೆ ಹತ್ತು ಎಕರೆ ರಾಗಿ ಹೊಲವಿತ್ತು, ಆದರೆ ಈ ಮಗನ ಕಣ್ಣು ಹೊಲದ ಪಕ್ಕದ ರಸ್ತೆಯಲ್ಲಿ ಹೋಗುವ ಮೋಟಾರುಗಳ ಮೇಲಿತ್ತು. ಹದಿನೆಂಟಕ್ಕೆ ಬೆಂಗಳೂರು ದಂಡಿನ ಗ್ಯಾರೇಜೊಂದನ್ನು ಸೇರಿ, ಒಬ್ಬ ಉಸ್ತಾದರ ಕೈಕೆಳಗೆ ಹದಿನಾಲ್ಕು ವರ್ಷ ಪಳಗಿದರು. ಹೊಲ ಬಿಟ್ಟು ಮಸಿ ಮೆತ್ತಿಕೊಂಡವನೆಂದು ಅಣ್ಣ ಮಾತು ಬಿಟ್ಟರು. ಇವರು ಹೊಸಕೋಟೆಗೆ ಬಂದು ಷೆಡ್ಡು ಹಾಕಿದರು. ಹೆಂಡತಿ ಮುತ್ತಮ್ಮ ತೀರಿಕೊಂಡು ಏಳು ವರ್ಷ, ಉಸ್ತಾದರು ಹೋಗಿ ಆರು ವರ್ಷ. ಮಕ್ಕಳಿಲ್ಲ.

ದಿನಕ್ಕೆ ಎಂಟೋ ಹತ್ತೋ ಸೈಕಲ್ ಪಂಚರು, ಮದುವೆಯ ಕಾಲದಲ್ಲಿ ನಾಲ್ಕೈದು ಗ್ಯಾಸ್‌ಲೈಟು, ಎಂದಾದರೊಂದು ಹೊಲಿಗೆ ಯಂತ್ರ, ದಾರಿಯಲ್ಲಿ ಮುನಿಸಿಕೊಂಡ, ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಹೊಟ್ಟೆ ಹೊರೆಯುವುದು ಇವುಗಳಿಂದ. ತಾಲ್ಲೂಕಿನಲ್ಲಿರುವ ಮೋಟಾರ್ ಸೈಕಲ್ಲುಗಳು ನಾಲ್ಕೇ. ಅವುಗಳಲ್ಲಿ ಎರಡರ ಮೇಲೆ ಕೋಳಿಗಳು ಮಲಗುತ್ತವೆ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಬೈಲಪ್ಪನವರೇ ಇಲ್ಲಿ ದೊಡ್ಡ ಮೆಕ್ಯಾನಿಕ್ಕು. ಆ ಗೌಡಿಕೆಯ ಸುಖ ಎಷ್ಟೆಂದು ಕೇಳಿದರೆ ಅವರು ಹೇಳುವುದೇ ಬೇರೆ.

"ಆಯ್ತಾ, ಆಯ್ತಾ ಅಂತ ಎಲ್ರೂ ಕೇಳ್ತಾರೆ. ಏನಾಗಿತ್ತು ಅಂತ ಒಬ್ರೂ ಕೇಳಲ್ಲ. ಮುತ್ತಮ್ಮ ಕೇಳೋಳು. ಅವಳಿಗೆ ಅರ್ಥ ಆಗ್ತಿತ್ತೋ ಇಲ್ವೋ ದೇವರಿಗೇ ಗೊತ್ತು. ಮುದ್ದೆ ಕಟ್ತಾ ಕಟ್ತಾ, 'ಇವತ್ತು ಏನಾಗಿತ್ತು ಅದಕ್ಕೆ?' ಅನ್ನೋಳು. ನಾನು ಹೇಳ್ತಾ ಹೇಳ್ತಾ ಉಣ್ತಿದ್ದೆ. ಈಗ ಸುಮ್ಮನೆ ಉಣ್ತೀನಿ."

ಈ ಒಂಬತ್ತು ದಿನ ಅವರು ಮಾಡದ ಚಿಕಿತ್ಸೆಯಿಲ್ಲ. ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿ ಉಜ್ಜಿದ್ದಾರೆ. ಕಿಡಿಗೆ ಕರೆಂಟು ಕೊಡುವ ಮ್ಯಾಗ್ನೆಟೊವನ್ನು ಬಿಸಿಲಿಗಿಟ್ಟು ಒಣಗಿಸಿದ್ದಾರೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಸಣ್ಣ ತೂತಿಗೆ ಬಾಯಿಟ್ಟು ಊದಿದ್ದಾರೆ. ಹೊಗೆ ಕೊಳವೆಯನ್ನು ಬೆರಣಿ ಬೆಂಕಿಯಲ್ಲಿ ಸುಟ್ಟು ಬೊಗಸೆ ಮಸಿ ಉದುರಿಸಿದ್ದಾರೆ. ಪ್ರತಿ ಸಲವೂ ಕೆಲಸ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ಗಾಡಿ ಚೆನ್ನಾಗಿಯೇ ಓಡುತ್ತದೆ. ರೋಗ ಹೋಯಿತೆಂದು ಇವರು ಹಿಗ್ಗುತ್ತಾರೆ. ಮರುದಿನ ಬೆಳಗ್ಗೆ ಮತ್ತೆ ಅದೇ ಕೆಮ್ಮು.

"ಉಸ್ತಾದ್ರು ಇದ್ದಿದ್ರೆ ಒಂದು ಕಾರ್ಡು ಬರೀತಿದ್ದೆ. ಈಗ ಯಾರನ್ನ ಕೇಳ್ಲಿ? ಗೋಡೆನಾ?"

ಇಂದು ಮಾಡಲು ಏನೂ ಉಳಿದಿಲ್ಲ. ಸುಮ್ಮನೆ ಕೂರಲಾಗದೆ, ಬಿಸಿಲೇರುವ ಮುಂಚೆಯೇ, ಗಾಡಿಯನ್ನು ತಳ್ಳಾಡದೆ, ಟ್ಯಾಂಕಿನ ತಳದ ಪೆಟ್ರೋಲ್ ನಳಿಕೆ ಬಿಚ್ಚಿ ಕೆಳಗೊಂದು ಗಾಜಿನ ಲೋಟ ಹಿಡಿಯುತ್ತಾರೆ. ಪೆಟ್ರೋಲು ಬರುವುದಿಲ್ಲ. ಜೋನಿಬೆಲ್ಲದ ಹಾಗೆ ಹಳದಿಯ ಎಳೆಯೊಂದು ನಿಧಾನವಾಗಿ ಇಳಿಯುತ್ತದೆ. ಅದು ಎರಡು ಬೆರಳು ತುಂಬಿದ ಮೇಲೆಯೇ ಪೆಟ್ರೋಲಿನ ದರ್ಶನ. ಬೈಲಪ್ಪ ಮೂಸಿ ನೋಡುತ್ತಾರೆ. ಹರಳೆಣ್ಣೆ.

ಈ ಜಾತಿಯ ಎಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹೊಯ್ಯಬೇಕು. ಯುದ್ಧದ ಕಾಲದಲ್ಲಿ ಎಂಜಿನ್ ಆಯಿಲು ಕಣ್ಣಿಗೂ ಬೀಳುತ್ತಿರಲಿಲ್ಲ. ರಾಗಿ ಹೊಲದ ಸಾಲಿನಲ್ಲಿ ಹರಳು ಬೆಳೆಯುವ ಊರಿನಲ್ಲಿ ಹರಳೆಣ್ಣೆಗೇನು ಬರ? ಅದನ್ನೇ ಹಾಕಿ ಎಂದು ಮೂರು ವರ್ಷದ ಹಿಂದೆ ವೆಂಕಟರಮಣಪ್ಪನವರಿಗೆ ಹೇಳಿಕೊಟ್ಟವರು ಬೈಲಪ್ಪನವರೇ. ಆಗ ಬರುತ್ತಿದ್ದ ಪೆಟ್ರೋಲಿನಲ್ಲಿ ಸ್ಪಿರಿಟ್ಟಿನ ಬೆರಕೆ ಇತ್ತು, ಹರಳೆಣ್ಣೆ ಅದರಲ್ಲಿ ಕರಗುತ್ತಿತ್ತು. ಯುದ್ಧ ಮುಗಿದು, ಬೆರಕೆಯಿಲ್ಲದ ಒಳ್ಳೆಯ ಪೆಟ್ರೋಲು ಬಂದಿದೆ. ಅದರಲ್ಲಿ ಎಣ್ಣೆ ಕರಗದೆ ರಾತ್ರಿಯ ಚಳಿಗೆ ತಳಕ್ಕಿಳಿದು ಕೂರುತ್ತದೆ, ಬೆಳಗ್ಗೆ ಪ್ಲಗ್ಗಿಗೆ ಮೆತ್ತಿಕೊಂಡು ಕಿಡಿಯನ್ನು ಕೊಲ್ಲುತ್ತದೆ. ಬಿಸಿಲೇರಿ, ಗಾಡಿ ಅಲುಗಾಡಿದರೆ ಮತ್ತೆ ಬೆರೆತು ಸುಮ್ಮನಾಗುತ್ತದೆ.

"ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದಂಗಾಯ್ತು ನನ್ನ ಕತೆ," ಎಂದು ತಲೆ ಚಚ್ಚಿಕೊಂಡು ಅವರು ನಗುತ್ತಾರೆ. ಆದರೆ ಆ ನಗು ಬಹಳ ಹೊತ್ತು ಉಳಿಯುವುದಿಲ್ಲ.

ಟ್ಯಾಂಕು ಬರಿದು ಮಾಡಿ ತೊಳೆಯುತ್ತಾರೆ. ಬಸ್ಸಿನ ಡ್ರೈವರ್ ಗಂಗಣ್ಣನನ್ನು ಎಬ್ಬಿಸಿ, ಬೈಸಿಕೊಂಡು, ಒಂದು ಸೀಸೆ ಎಂಜಿನ್ ಆಯಿಲು ತರುತ್ತಾರೆ. ಅಳೆದು ಬೆರೆಸಿ ಹೊಯ್ದು, ಪ್ಲಗ್ಗು ಒರೆಸಿ ಹಾಕಿ ಒದೆಯುತ್ತಾರೆ. ಎರಡನೆಯ ಒದೆತಕ್ಕೇ ಗಾಡಿ ಎದ್ದು ಕೂರುತ್ತದೆ. ಒಂದೇ ಸಮನೆ ಪಟಪಟಪಟ. ಒಂದು ಹೆಜ್ಜೆಯೂ ತಪ್ಪುವುದಿಲ್ಲ.

ಮದ್ದಿನ ಪೆಟ್ಟಿಗೆ ಹೊತ್ತು ಬಂದ ವೆಂಕಟರಮಣಪ್ಪನವರ ಮುಖ ಆ ಸದ್ದಿಗೆ ಅರಳುತ್ತದೆ. "ಭೇಷ್ ಬೈಲಪ್ಪ! ಅಂತೂ ಗೆದ್ದುಬಿಟ್ಟೆ ಕಣಯ್ಯ!"

ಇಲ್ಲಿ ಬೈಲಪ್ಪನವರು ಸುಮ್ಮನಿದ್ದುಬಿಡಬಹುದಿತ್ತು. ಪ್ಲಗ್ಗು ಕೆಟ್ಟಿತ್ತು ಎಂದರೆ ಮುಗಿಯಿತು, ಸುಳ್ಳು ಹಿಡಿಯುವವರು ಇಡೀ ತಾಲ್ಲೂಕಿನಲ್ಲಿಲ್ಲ. ನಿಜ ಹೇಳಿದರೆ ಇರುವ ಒಂದೆರಡು ಪಟಪಟಿ ಗಿರಾಕಿಗಳಲ್ಲಿ ಒಬ್ಬರು ಕೈತಪ್ಪಬಹುದು. ಅವರು ಎಂಜಿನ್ನು ಆರಿಸಿ ಲೋಟ ಮುಂದೆ ಹಿಡಿಯುತ್ತಾರೆ.

"ಗೆದ್ದಿದ್ದಲ್ಲ ಸ್ವಾಮಿ. ಹರಳೆಣ್ಣೆ ಹಾಕಿ ಅಂದೋನು ನಾನೇ. ಪೆಟ್ರೋಲು ಬದಲಾದಾಗ ಬೇಡ ಅನ್ನಬೇಕಾಗಿತ್ತು, ನಂಗೆ ಹೊಳೀಲಿಲ್ಲ. ನಿಮ್ಮ ಮದ್ದು ಕೆಟ್ಟಿದ್ದು ನನ್ನ ಮಾತಿನಿಂದ."

ವೆಂಕಟರಮಣಪ್ಪನವರು ಲೋಟವನ್ನೂ ಇವರನ್ನೂ ನೋಡುತ್ತಾರೆ. "ಸೂಲಿಬೆಲೆ ದಾರೀಲಿ ಐದು ಮೈಲಿ ತಳ್ಳಿದೀನಿ ಇದನ್ನ," ಎನ್ನುತ್ತಾರೆ. ಪೆಟ್ಟಿಗೆಯನ್ನು ಗಾಡಿಯ ಮೇಲಿಡುತ್ತಾ, "ನೀನು ಹೇಳ್ದೇ ಇದ್ದಿದ್ರೆ ನಂಗೆಲ್ಲಿ ಗೊತ್ತಾಗ್ತಿತ್ತಯ್ಯ?"

"ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ಹೇಳ್ದೆ."

ಎಣ್ಣೆ ಹೇಗೆ ತಳಕ್ಕಿಳಿಯುತ್ತದೆಂದು ವಿವರಿಸಲು ಬೈಲಪ್ಪ ಬಾಯಿ ತೆರೆಯುತ್ತಾರೆ. ವೆಂಕಟರಮಣಪ್ಪನವರು ಆಗಲೇ ಪೆಟ್ಟಿಗೆ ಕಟ್ಟುತ್ತಿದ್ದಾರೆ. "ಓಡುತ್ತೆ ತಾನೆ? ಅಷ್ಟು ಸಾಕು, ಹೊತ್ತಾಯ್ತು." ಅವರ ಅವಸರದಲ್ಲಿ ತಪ್ಪಿಲ್ಲ, ಅಲ್ಲಿ ಮಕ್ಕಳು ಕಾಯುತ್ತಿದ್ದಾರೆ. ಗಾಡಿ ನಂದಗುಡಿಯ ದಾರಿ ಹಿಡಿಯುತ್ತದೆ. ಸದ್ದು ಕಿವಿಯಿಂದ ಮರೆಯಾಗುವವರೆಗೂ ಬೈಲಪ್ಪ ರಸ್ತೆಯಲ್ಲೇ ನಿಂತಿರುತ್ತಾರೆ. ಹೇಳಬೇಕಾದ್ದು ಅವರ ಬಾಯಲ್ಲೇ ಉಳಿದಿದೆ. ನೋಡುವವರಿಗೆ ಸಂಕಟವಾಗುತ್ತದೆ.

ನಿಮಗೇನು ಬೇಕು ಎಂದು ಕೇಳಿದರೆ ಅವರು ಹೊಸ ಸ್ಪ್ಯಾನರು ಕೇಳುವುದಿಲ್ಲ, ಗಟ್ಟಿ ಸೂರು ಕೇಳುವುದಿಲ್ಲ. ರಸ್ತೆಯಾಚೆ ಬಾಗಿಲು ಹಾಕಿದ ಮಳಿಗೆಯೊಂದನ್ನು ಗದ್ದದಿಂದಲೇ ತೋರಿಸುತ್ತಾರೆ.

"ಅಲ್ಲೊಬ್ಬ ಮೆಕ್ಯಾನಿಕ್ಕು ಬಂದು ಅಂಗಡಿ ಹಾಕ್ಲಿ ಸ್ವಾಮಿ. ನನ್ನ ಗಿರಾಕಿ ಅರ್ಧ ಹೋದ್ರೂ ಹೋಗ್ಲಿ. ನಾನು ತಪ್ಪು ಮಾಡ್ದಾಗ, 'ಲೇ ಬೈಲಪ್ಪ, ಅದು ಹಂಗಲ್ಲ ಕಣೋ' ಅಂತ ಆ ಕಡೆಯಿಂದ ಕೂಗೋಕೆ ಒಬ್ಬ ಬೇಕು."